ಮೇಷ್ಟ್ರೇ, ಕಾಶಿಗೆ ಟಿಕೆಟ್ ಮಾಡಿಸಿ

*ಮಾನ್ಯ ಸಂಪಾದಕರೇ, ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ವಯಸ್ಸು 66. ಪಿಂಚಣಿ ಬರುತ್ತದೆ, ಸಾಲ ಇಲ್ಲ, ಮಕ್ಕಳು ನೆಲೆ ಕಂಡಿದ್ದಾರೆ. ನಮ್ಮ ಮನೆಯವರು ಕಾಶಿಗೆ ಹೋಗೋಣ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಆ ದುಡ್ಡನ್ನು ಎಫ್‌ಡಿಯಲ್ಲಿಟ್ಟರೆ ಇನ್ನು ಹತ್ತು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂಬುದು ನನ್ನ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿಲ್ಲವೇ ಹಿರಿಯರು? ಈಗಿನವರು ಸಾಲ ಮಾಡಿ ಪ್ರವಾಸ ಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ. ನನ್ನದು ತಪ್ಪೇ? – ಓದುಗರೊಬ್ಬರು, ತಿಪಟೂರು*

ಮೇಷ್ಟ್ರೇ, ಸಾಲದ ಪ್ರವಾಸದ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಕೈಯಲ್ಲಿ ಆರು ತಿಂಗಳ ಖರ್ಚಿಗೂ ದುಡ್ಡಿಲ್ಲದೆ ಕ್ರೆಡಿಟ್ ಕಾರ್ಡು ಉಜ್ಜುವವರಿಗೆ ನಾನೂ ಮೊದಲು ಉಳಿಸಿ ಅಂತಲೇ ಹೇಳುತ್ತೇನೆ. ನೀವೂ ಆಸ್ಪತ್ರೆಗೆ ಅಂತ ಒಂದು ಗಂಟು ಬೇರೆ ಇಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ 'ಹತ್ತು ವರ್ಷದಿಂದ ಹೇಳುತ್ತಿದ್ದಾರೆ' ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಿಮ್ಮ ಲೆಕ್ಕವನ್ನೇ ನೋಡೋಣ. ಶೇ. 7ರ ಬಡ್ಡಿಯಲ್ಲಿ ದುಡ್ಡು ದುಪ್ಪಟ್ಟಾಗಲು ಹತ್ತು ವರ್ಷದ ಮೇಲೆ ಸ್ವಲ್ಪ ಬೇಕು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಅವೂ ದುಪ್ಪಟ್ಟು. ಇಷ್ಟು ಕಾದು ಕೈಗೆ ಜಾಸ್ತಿ ಸಿಗುವುದೇನು? ಹತ್ತು ವರ್ಷ ಕಳೆಯುವ ಹೊತ್ತಿಗೆ ನಿಮಗೆ 76. ಕಾಶಿಯ ಘಾಟುಗಳಲ್ಲಿ ಮೆಟ್ಟಿಲು ಕಡಿದು. ಗಲ್ಲಿಗಳಲ್ಲಿ ಆಟೊ ನುಗ್ಗುವುದಿಲ್ಲ, ನಡೆದೇ ಹೋಗಬೇಕು. ನಿಮ್ಮ ಮನೆಯವರ ಮೊಣಕಾಲು ಹೇಗಿದೆ ಅಂತ ನೀವು ಬರೆದಿಲ್ಲ. ಹಾಸಿಗೆಯ ಗಾದೆಯೂ ನಿಮಗೆ ಹೊಂದುವುದಿಲ್ಲ ಮೇಷ್ಟ್ರೇ. ನಿಮ್ಮ ಹಾಸಿಗೆ ಉದ್ದವಾಗಿಯೇ ಇದೆ, ಕಾಲು ಮಡಚಿಕೊಂಡು ಮಲಗಿರುವವರು ನೀವು.

ನನಗೆ ಬಹಳ ದಿನದಿಂದ ಅನ್ನಿಸುತ್ತಿರುವುದು ಇಷ್ಟು. ನಮ್ಮ ಮನೆಗಳಲ್ಲಿ ಉಳಿತಾಯ ಅನ್ನುವುದು ಹೆಚ್ಚಾಗಿ ಹೆಂಗಸರ ಆಸೆಗೆ ಕತ್ತರಿ ಹಾಕಿಯೇ ಆಗುತ್ತದೆ. ಗಂಡಸಿಗೆ ಸ್ಕೂಟರ್ ಬೇಕಾದರೆ ಅದು ಅಗತ್ಯ. ಹೆಂಡತಿ ಒಂದು ಊರು ನೋಡಬೇಕು ಅಂದರೆ ಅದು ದಂಡದ ಖರ್ಚು.

ಪುರಂದರದಾಸರ ಕತೆ ನಿಮ್ಮ ವಿದ್ಯಾರ್ಥಿಗಳಿಗೆ ನೀವೇ ಎಷ್ಟು ಸಲ ಹೇಳಿರುತ್ತೀರಿ! ಆಗಿನ್ನೂ ಅವರು ಶ್ರೀನಿವಾಸ ನಾಯಕ, ನವಕೋಟಿ ನಾರಾಯಣ. ಬಾಗಿಲಿಗೆ ಬಂದ ಬಡ ಬ್ರಾಹ್ಮಣನಿಗೆ ಅವರ ಹೆಂಡತಿ ಮೂಗುತಿ ಬಿಚ್ಚಿ ಕೊಡುತ್ತಾಳೆ. ವಿಠಲ ಮಾಡಿದ ಪರೀಕ್ಷೆ ಅದು ಅಂತ ನಾವೆಲ್ಲ ಕೈ ಮುಗಿಯುತ್ತೇವೆ. ನನಗೆ ಕಾಡುವುದು ಬೇರೆ. ಅಷ್ಟು ಸಿರಿ ಇದ್ದ ಮನೆಯಲ್ಲಿ ತನ್ನದು ಅಂತ ಕೊಡಲು ಆಕೆಗೆ ಇದ್ದದ್ದು ತವರಿನಿಂದ ಬಂದ ಆ ಮೂಗುತಿ ಒಂದೇ.

ಈಗಿನ ಕಾಲದ್ದೇ ನೋಡಿ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಧರ್ಮಸ್ಥಳ, ಕುಕ್ಕೆ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. 'ಈ ಹೆಂಗಸರಿಗೆ ಮನೆಯಲ್ಲಿ ಕೆಲಸವಿಲ್ಲವೇ' ಅಂತ ನಕ್ಕವರು ಬಹಳ ಜನ. ಒಂದು ಬಸ್ ಚಾರ್ಜಿಗಾಗಿ ಇವರು ಎಷ್ಟು ವರ್ಷ ಆಸೆ ಅದುಮಿಟ್ಟುಕೊಂಡಿದ್ದರೋ ಅಂತ ಯೋಚಿಸಿದವರು ಕಮ್ಮಿ.

ನನ್ನ ಸೋದರತ್ತೆ 2018ರಲ್ಲಿ ತೀರಿಕೊಂಡರು. ಅವರ ಬೀರು ತೆಗೆದಾಗ ಮಗಳ ಮದುವೆಗೆ ಅಂತ ತಂದ ರೇಷ್ಮೆ ಸೀರೆ ಸಿಕ್ಕಿತು. ಕಳೆಗುಂದುತ್ತದೆ, ಕೊಳೆಯಾಗುತ್ತದೆ ಅಂತ ಒಮ್ಮೆ ಉಟ್ಟು ಎತ್ತಿಟ್ಟಿದ್ದರು. ಬಿಡಿಸಿದರೆ ಮಡಿಕೆಯ ಗೆರೆಯಲ್ಲೇ ಜರಿ ಸೀಳಿತ್ತು. ಒಳಗೆ ಹಳೆಯ ಐನೂರರ ನೋಟುಗಳು, ನೀಟಾಗಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ್ದವು. ರದ್ದಾದ ಆ ನೋಟುಗಳನ್ನು ಬ್ಯಾಂಕಿಗೆ ಕಟ್ಟುವ ಗಡುವು 2016ರ ಡಿಸೆಂಬರ್‌ಗೇ ಮುಗಿದಿತ್ತು. ಮನೆಯವರಿಗೆ ಹೇಳಲು ಹೆದರಿ ಅತ್ತೆ ಸುಮ್ಮನಾಗಿರಬೇಕು. ಆ ರಬ್ಬರ್ ಬ್ಯಾಂಡು ಕೈಗೆ ಅಂಟಿ ತುಂಡಾಯಿತು.

ಇದು ಒಂದು ಮನೆಯ ಮಾತಲ್ಲ. ಹತ್ತು ವರ್ಷ ಯಾರೂ ಮುಟ್ಟದ, ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ. 2024ರ ಮಾರ್ಚ್ ಹೊತ್ತಿಗೆ ಅಲ್ಲಿ ಸೇರಿದ್ದು 78,213 ಕೋಟಿ ರೂಪಾಯಿ. ಅದರಲ್ಲಿ ಎಷ್ಟು ಕಾಶಿಯಾತ್ರೆ, ಎಷ್ಟು ಜೊತೆ ಬಳೆ ಇದ್ದವೋ!

ವಯಸ್ಸಾದವರು ಮನೆಯಲ್ಲೇ ಕೂತಿರಲಿ ಅನ್ನುವ ಹಾಗಿದೆ ನಮ್ಮ ವ್ಯವಸ್ಥೆಯೂ. ರೈಲಿನಲ್ಲಿ ಹಿರಿಯರಿಗೆ ರಿಯಾಯಿತಿ ಇತ್ತು, ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ. ದುಡಿದು ತೆರಿಗೆ ಕಟ್ಟಿದವರಿಗೆ, ಮನೆ ನಡೆಸಿ ಸವೆದವರಿಗೆ ಇಷ್ಟೂ ಕೊಡಲಾಗದೇ? ಯಾತ್ರಾಸ್ಥಳಗಳಲ್ಲಿ ಒಂದು ನೆಟ್ಟಗಿನ ಶೌಚಾಲಯ, ಕೂರಲು ಒಂದು ಕಲ್ಲುಬೆಂಚು ಹುಡುಕಬೇಕು. ದೊಡ್ಡ ದೊಡ್ಡ ಕಮಾನುಗಳಿಗೆ ಮಾತ್ರ ದುಡ್ಡಿರುತ್ತದೆ. ಸಾಲದ್ದಕ್ಕೆ ನೆಂಟರು ಬೇರೆ, 'ಈ ವಯಸ್ಸಲ್ಲಿ ಇದೆಲ್ಲ ಬೇಕಾ' ಅಂತ.

ಬೇಕು ಮೇಷ್ಟ್ರೇ. ನೀವು ಕಷ್ಟಪಟ್ಟು ಉಳಿಸಿದವರು, ಆ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಅದೇ ಶಿಸ್ತಿನಿಂದ ಈಗ ಖರ್ಚು ಮಾಡಿ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್, ಜನವರಿ ಬೇಡ, ಮಂಜು ಬಿದ್ದು ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಫೆಬ್ರವರಿ ಕೊನೆ ಒಳ್ಳೆಯದು. ನಿಮಗಿಬ್ಬರಿಗೂ ಕೆಳಗಿನ ಬರ್ತ್ ಕೋಟಾ ಇದೆ, ಅದರಲ್ಲೇ ಬುಕ್ ಮಾಡಿ. ಅಲ್ಲಿ ವಾಪಸ್ ಟಿಕೆಟ್ಟಿನ ಚಿಂತೆ ಇಲ್ಲದೆ ಇರುವ ಹಾಗೆ ಅದನ್ನೂ ಬುಕಿಂಗ್ ತೆರೆದ ಕೂಡಲೇ ಮಾಡಿಸಿ. ಹೊರಡುವ ದಿನ ಯಾವುದು, ದಾರಿಯಲ್ಲಿ ಇನ್ನೆಲ್ಲಿ ಇಳಿಯಬೇಕು ಅನ್ನುವುದನ್ನು ಮಾತ್ರ ನಿಮ್ಮ ಮನೆಯವರೇ ಹೇಳಲಿ.