ಬ್ಯಾಡ್ಮಿಂಟನ್‌ನಲ್ಲಿ ಡಬಲ್ಸ್ ಆಟಗಾರನಾಗಿ ಗಳಿಸಿದ ಅನುಭವ ತರಬೇತುದಾರನಾದ ಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ?

ಸಾಕಷ್ಟು ಬರುತ್ತದೆ ಎಂಬುದಕ್ಕೆ ಡೆನ್ಮಾರ್ಕ್‌ನ ಮಥಿಯಾಸ್ ಬೋ ಒಳ್ಳೆಯ ಉದಾಹರಣೆ. ಎಡಗೈ ಆಟಗಾರರಾದ ಅವರು ಕಾರ್ಸ್ಟನ್ ಮೊಗೆನ್ಸನ್ ಜೊತೆಗೂಡಿ 2011 ಮತ್ತು 2015ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿಯ ಪ್ರಶಸ್ತಿಯನ್ನೂ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕವನ್ನೂ ಗೆದ್ದು, 2020ರಲ್ಲಿ ನಿವೃತ್ತರಾದರು.

ಮರುವರ್ಷ ಭಾರತದ ಡಬಲ್ಸ್ ತರಬೇತುದಾರರಾಗಿ ಬಂದಾಗ, ಇಲ್ಲಿನ ಜೋಡಿ ಸಾತ್ವಿಕ್‌ಸಾಯಿರಾಜ್ ಮತ್ತು ಚಿರಾಗ್ ಶೆಟ್ಟಿ ಅವರ ಸ್ಮ್ಯಾಶ್‌ಗೆ (ಮೇಲಿನಿಂದ ಕೆಳಕ್ಕೆ ಜೋರಾಗಿ ಬಡಿಯುವ ಹೊಡೆತಕ್ಕೆ) ಆಗಲೇ ಹೆಸರಿತ್ತು. (ಇವರಿಬ್ಬರನ್ನು ಜೋಡಿಯಾಗಿಸಿದವರು ಮಲೇಷ್ಯಾದ ತರಬೇತುದಾರ ತಾನ್ ಕಿಮ್ ಹರ್ ಎಂಬುದನ್ನು ಮರೆಯಬಾರದು.) ಆದರೆ ಡಬಲ್ಸ್‌ನಲ್ಲಿ ಸ್ಮ್ಯಾಶ್‌ಗೆ ಅವಕಾಶ ಸಿಗುವುದೇ ಮೊದಲ ಮೂರು ಹೊಡೆತಗಳು (ಸರ್ವ್, ಎದುರಾಳಿಯ ಮರುಹೊಡೆತ, ಅದಕ್ಕೆ ಕೊಡುವ ಉತ್ತರ) ಸರಿಯಾಗಿದ್ದರೆ. ಸರ್ವ್ ಮಾಡುವಾಗ ಶಟಲ್ 1.15 ಮೀಟರ್‌ಗಿಂತ ಕೆಳಗಿರಬೇಕು, ಬಲೆಯ ನಡುಭಾಗದ ಎತ್ತರವೋ 1.524 ಮೀಟರ್, ಹೀಗಾಗಿ ಮೇಲಕ್ಕೇರಿ ಬರುವ ಶಟಲ್ ಬಲೆಯಿಂದ ಸ್ವಲ್ಪ ಎತ್ತರ ಉಳಿದರೂ, ಸರ್ವ್ ಗೆರೆಯ ಅಂಚಿನಲ್ಲೇ ರ‍್ಯಾಕೆಟ್ ಎತ್ತಿ ನಿಂತಿರುವ ಎದುರಾಳಿ ಅದನ್ನು ಅಲ್ಲೇ ಬಡಿದು ಮುಗಿಸುತ್ತಾನೆ. ಈ ಸೂಕ್ಷ್ಮವನ್ನು ವರ್ಷಗಟ್ಟಲೆ ಅಂಗಳದಲ್ಲಿ ಅನುಭವಿಸಿದವರು ಹೇಳಿಕೊಡುವ ರೀತಿಯೇ ಬೇರೆ ಎಂಬುದು ನನ್ನ ಅನಿಸಿಕೆ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಾತ್ವಿಕ್–ಚಿರಾಗ್ ಜೋಡಿ ಮೂರರಲ್ಲಿ ಎರಡು ಪಂದ್ಯ ಗೆದ್ದರೂ, ಅದರಲ್ಲೂ ಮುಂದೆ ಚಿನ್ನ ಗೆದ್ದ ತೈವಾನ್ ಜೋಡಿಯನ್ನೇ ಸೋಲಿಸಿದ್ದರೂ, ಗುಂಪು ಹಂತದಲ್ಲೇ ಹೊರಬಿದ್ದಿತು. 2023ರಲ್ಲಿ ಏಷ್ಯನ್ ಗೇಮ್ಸ್ ಚಿನ್ನವೂ ವಿಶ್ವದ ಅಗ್ರಸ್ಥಾನವೂ ದಕ್ಕಿದವು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಜೋಡಿ ಕ್ವಾರ್ಟರ್ ಫೈನಲ್ ಸೋತ ಬಳಿಕ ಬೋ ತರಬೇತಿಯಿಂದ ಹಿಂದೆ ಸರಿದರು.