ಮೂಗಿಲ್ಲದ ನಾಯಿ

ನಮಸ್ಕಾರ.

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ಗುಕ್ಕಿನಲ್ಲಿ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಈಗಿರುವ ರೂಪದಲ್ಲಿ ಇದನ್ನು ನಾವು ತೆಗೆದುಕೊಳ್ಳಲಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಕಾಗದದ ಕೊನೆಯವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಬೇಡವೆಂದ ಮೇಲೂ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ 63ನೇ ಪುಟದ ಒಂದು ಸಾಲು ಮತ್ತು 88ನೇ ಪುಟದ ಒಂದು ದೃಶ್ಯ. ಅವೆರಡೂ ನನ್ನ ತಲೆಯಿಂದ ಹೋಗುತ್ತಿಲ್ಲ.

ನಾನು ಓದಿಕೊಂಡ ಕಥೆ ಇಷ್ಟು: ಮಾರಾಟಕ್ಕಿಟ್ಟ ಹಳೆಯ ಮನೆ. ಅಪ್ಪ, ಅಮ್ಮ, ಹತ್ತು ವರ್ಷದ ಮಗಳು, ಅಜ್ಜ. ಜೊತೆಗೆ ನಾಯಿ, ಬೆಕ್ಕು, ಗಿಳಿ, ಒಂದು ಮುದಿ ಕುದುರೆ. ಸಿಡಿಲು ಬಡಿದ ರಾತ್ರಿ ಪ್ರಾಣಿಗಳಿಗೆ ಮಾತು ಬರುತ್ತದೆ. ಮನೆ ಕೊಳ್ಳಲು ಬಂದವರು ಕಳ್ಳರೆಂದು ಪ್ರಾಣಿಗಳು ಕಂಡುಹಿಡಿಯುತ್ತವೆ, ಅಟ್ಟಾಡಿಸಿ ಓಡಿಸುತ್ತವೆ, ಮನೆ ಉಳಿಯುತ್ತದೆ.

ಸಿಡಿಲಿನ ಬಗ್ಗೆ ನನ್ನ ತಕರಾರಿಲ್ಲ. ಪ್ರಾಣಿ ಮಾತಾಡುತ್ತದೆ ಎಂದು ನಂಬಲು ಪ್ರೇಕ್ಷಕರು ಸಿದ್ಧರಾಗಿಯೇ ಬಂದಿರುತ್ತಾರೆ. ಆ ಒಂದು ಸುಳ್ಳನ್ನು ಅವರು ಸಂತೋಷದಿಂದ ಒಪ್ಪುತ್ತಾರೆ. ಆದರೆ ಆ ಸುಳ್ಳಿಗೊಂದು ನಿಯಮ ಬೇಕು, ನಿಯಮ ಕೊನೆಯವರೆಗೂ ನಿಲ್ಲಬೇಕು. 18ನೇ ಪುಟದಲ್ಲಿ ಪ್ರಾಣಿಗಳ ಮಾತು ಮಗಳಿಗೆ ಮಾತ್ರ ಕೇಳುತ್ತದೆ ಎಂದಿದ್ದೀರಿ. 47ರಲ್ಲಿ ಅಪ್ಪ ನಾಯಿಗೆ ಉತ್ತರ ಕೊಡುತ್ತಾರೆ, ಅದರಿಂದ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಕಳ್ಳರು ಬರುವ ಹೊತ್ತಿಗೆ ಎಲ್ಲರಿಗೂ ಎಲ್ಲವೂ ಕೇಳುತ್ತಿದೆ. ಒಬ್ಬರಿಗೆ ಗೊತ್ತು, ಮತ್ತೊಬ್ಬರಿಗೆ ಗೊತ್ತಿಲ್ಲ ಎನ್ನುವ ಜಾಗದಲ್ಲೇ ಹಾಸ್ಯ ಹುಟ್ಟುವುದು. ಎಲ್ಲರಿಗೂ ಕೇಳಿಸಿದ ಕ್ಷಣ ಆ ಬಾವಿ ಬತ್ತಿತು.

ಈಗ ದೊಡ್ಡ ದೋಷಕ್ಕೆ ಬರುತ್ತೇನೆ. ಸಂಭಾಷಣೆಯ ಪಕ್ಕದ ಹೆಸರುಗಳನ್ನು ಕೈಯಿಂದ ಮುಚ್ಚಿಕೊಂಡು ಹತ್ತು ಪುಟ ಓದಿದೆ. ಯಾವುದು ನಾಯಿಯ ಮಾತು, ಯಾವುದು ಬೆಕ್ಕಿನದು, ಯಾವುದು ಅಪ್ಪನದು, ಹೇಳಲಾಗಲಿಲ್ಲ. ನಿಮ್ಮ ನಾಯಿ ಟ್ರಾಫಿಕ್ಕಿನ ಬಗ್ಗೆ, ಮೊಬೈಲಿನ ಬಗ್ಗೆ, ಹೆಂಡತಿಗೆ ಹೆದರುವ ಗಂಡಂದಿರ ಬಗ್ಗೆ ತಮಾಷೆ ಮಾಡುತ್ತದೆ. ಇದು ನಾಲ್ಕು ಕಾಲಿನ ಮೇಲೆ ನಿಂತ ಮನುಷ್ಯ. 142 ಪುಟಗಳಲ್ಲಿ ಆ ನಾಯಿ ಒಂದೇ ಒಂದು ಸಲವೂ ಏನನ್ನೂ ಮೂಸುವುದಿಲ್ಲ. ದಯವಿಟ್ಟು ನೀವೇ ಹುಡುಕಿ ನೋಡಿ. ನಾಯಿಯ ಮೂಗು ನಮ್ಮ ಮೂಗಿಗಿಂತ ಸಾವಿರಾರು ಪಟ್ಟು ಚುರುಕು, ಅದರ ಲೋಕವೆಲ್ಲ ಇರುವುದು ವಾಸನೆಯಲ್ಲಿ. ಅಂಥ ಪ್ರಾಣಿಯ ಬಾಯಲ್ಲಿ ನೀವು ‘ಅಗೋ ಕೆಂಪು ಕಾರು’ ಎಂದು ಹೇಳಿಸಿದ್ದೀರಿ. ನಾಯಿಗೆ ಚೆನ್ನಾಗಿ ಕಾಣುವುದು ನೀಲಿ, ಹಳದಿ. ಕೆಂಪು ಹಸಿರುಗಳ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಹುಟ್ಟುಹಬ್ಬದ ದೃಶ್ಯದಲ್ಲಿ ಬೆಕ್ಕು ಕೇಕಿನ ಸಿಹಿಯನ್ನು ಹೊಗಳುತ್ತದೆ. ಬೆಕ್ಕಿನ ನಾಲಗೆಗೆ ಸಿಹಿ ಎನ್ನುವ ರುಚಿಯೇ ಗೊತ್ತಾಗುವುದಿಲ್ಲ.

ಇವು ವಿಜ್ಞಾನದ ತಪ್ಪುಗಳೆಂದು ನಾನು ಬೇಸರಿಸುತ್ತಿಲ್ಲ. ಕೈಗೆ ಬಂದ ಹಾಸ್ಯವನ್ನು ನೀವು ಬಿಟ್ಟುಕೊಟ್ಟಿರಿ ಎಂದು ಬೇಸರ. ಎಲ್ಲರೂ ಹೊಗಳುವ ಕೇಕನ್ನು ನೆಕ್ಕಿ, ಇದರಲ್ಲಿ ಏನಿದೆ ಎಂದು ನಿಜವಾಗಿಯೂ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುವ ಬೆಕ್ಕು ನಿಮಗೆ ಬೇಡವೇ?

ಕಥೆಯ ಜೊತೆಗಿನ ಪತ್ರದಲ್ಲಿ ನೀವು ಬರೆದಿದ್ದೀರಿ: ಪಂಚತಂತ್ರದ ಕಾಲದಿಂದಲೂ ಪ್ರಾಣಿಗಳು ಮನುಷ್ಯರಂತೆಯೇ ಮಾತಾಡಿವೆಯಲ್ಲ, ನನ್ನ ನಾಯಿ ಮಾತಾಡಿದರೇನು ಎಂದು. ನ್ಯಾಯವಾದ ಪ್ರಶ್ನೆ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹನಿಂದ ಕನ್ನಡಕ್ಕೆ ಬಂದ ಆ ಕಥೆಗಳಲ್ಲಿ ನರಿಗಳು ಮಂತ್ರಿಗಳ ಹಾಗೆ ರಾಜನೀತಿ ಆಡುತ್ತವೆ, ನಿಜ. ಅಲ್ಲಿ ನರಿ ಒಂದು ಮುಖವಾಡ, ಅದರ ಹಿಂದೆ ಇಡೀ ರಾಜಸಭೆ ಕೂತಿದೆ. ನಿಮ್ಮದು ಬೇರೆ ಜಾತಿಯ ಕಥೆ. ನಿಮ್ಮ ನಾಯಿ ಮನೆಯ ಹುಡುಗಿಯ ಮಂಚದ ಕೆಳಗೆ ಮಲಗುತ್ತದೆ, ಅದು ಯಾರ ಮುಖವಾಡವೂ ಅಲ್ಲ. ನಿಮಗೆ ಹತ್ತಿರದ ಮಾದರಿ ಗೋವಿನ ಹಾಡು. ಹುಲಿಯೆದುರು ನಿಂತ ಹಸು ಏನು ಕೇಳಿಕೊಳ್ಳುತ್ತದೆ? ಮನೆಯಲ್ಲಿ ಕರು ಹಸಿದಿದೆ, ಹಾಲು ಕೊಟ್ಟು ಬರುತ್ತೇನೆ ಎಂದು. ಆ ಮಾತು ಬಂದಿದ್ದು ಕೆಚ್ಚಲಿನಿಂದ. ಹಸುವಲ್ಲದೆ ಬೇರೆ ಪ್ರಾಣಿ ಅಲ್ಲಿ ನಿಂತಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲ. ನಿಮ್ಮ ಪ್ರತಿ ಪ್ರಾಣಿಯ ಪ್ರತಿ ಮಾತನ್ನೂ ಈ ಒಂದು ಅಳತೆಯಲ್ಲಿ ಅಳೆಯಿರಿ.

ಹಾಗೆ ಅಳೆದಾಗ ಉಳಿಯುವ ಸಾಲು 63ನೇ ಪುಟದಲ್ಲಿದೆ. ಅಪ್ಪ ಮೂರು ವಾರದಿಂದ ಆಫೀಸಿಗೇ ಹೋಗುತ್ತಿಲ್ಲ ಎಂದು ನಾಯಿ ಬೆಕ್ಕಿಗೆ ಹೇಳುತ್ತದೆ. ಅಷ್ಟೇ. ಮುಂದಿನ ಸಾಲಿನಲ್ಲಿ ಕಳ್ಳರ ಕಾರು ಬಂದು ನಿಲ್ಲುತ್ತದೆ, ನೀವು ಮತ್ತೆ ಆ ವಿಷಯಕ್ಕೆ ಮರಳುವುದೇ ಇಲ್ಲ. ನಾನು ಓದುವುದನ್ನು ನಿಲ್ಲಿಸಿ ಕೂತುಬಿಟ್ಟೆ. ನಿಮ್ಮ ಸಿನಿಮಾ ಇರುವುದೇ ಅಲ್ಲಿ! ಅಪ್ಪನ ಕೆಲಸ ಹೋಗಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಾರೆ. ನಾಯಿಗೆ ಹೇಗೆ ಗೊತ್ತಾಯಿತು? ನೀವು ಹೇಳಿಲ್ಲ, ನಾನು ಹೇಳುತ್ತೇನೆ: ಅಂಗಿಯಲ್ಲಿ ಆಫೀಸಿನ ವಾಸನೆ ಇಲ್ಲ. ಹುಲ್ಲಿನ ವಾಸನೆ ಇದೆ, ಪಾರ್ಕಿನ ಬೆಂಚಿನ ಬಣ್ಣದ ವಾಸನೆ ಇದೆ, ಭಯಪಟ್ಟ ಮನುಷ್ಯನ ಬೆವರಿನ ವಾಸನೆ ಇದೆ. ಮನೆಯವರು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದೆಲ್ಲ ಆ ಮೂಗಿಗೆ ತೆರೆದ ಪುಸ್ತಕ. ಈಗ ಅದಕ್ಕೆ ಮಾತೂ ಬಂದುಬಿಟ್ಟಿದೆ, ಕೇಳಿಸುವುದು ಹತ್ತು ವರ್ಷದ ಹುಡುಗಿಗೆ ಮಾತ್ರ. ಅವಳು ಏನು ಮಾಡುತ್ತಾಳೆ? ಇದರಲ್ಲಿ ನಗುವೂ ಇದೆ, ಸಂಕಟವೂ ಇದೆ, ಎರಡೂ ಒಂದೇ ಮನೆಯೊಳಗೆ ಇವೆ. ಮೂರು ಜನ ಕಳ್ಳರು, ಒಂದು ಲಾರಿ, ಉರುಳಿಬೀಳುವ ನೀರಿನ ಟ್ಯಾಂಕು ತುಂಬಿದ ಕೊನೆಯ ನಲವತ್ತು ಪುಟ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯಿತು. ಪೂರ್ತಿ ತೆಗೆಯಿರಿ.

ಗಿಳಿಯನ್ನು ನೀವು ಮರೆತೇಬಿಟ್ಟಿದ್ದೀರಿ. ಸಿಡಿಲಿಗೂ ಮುಂಚೆಯೇ ಅದು ಮಾತಾಡುತ್ತಿತ್ತಲ್ಲವೇ! ಅಷ್ಟು ವರ್ಷ ಆಡಿದ್ದು ಗಿಳಿಪಾಠ, ಈಗ ಆಡುವುದು ಅರ್ಥವಿರುವ ಮಾತು, ಆದರೆ ಮನೆಯವರಿಗೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ? ಅಪ್ಪ ಬಚ್ಚಲುಮನೆಯಲ್ಲಿ ನಿಂತು ಫೋನಿನಲ್ಲಿ ಕೆಲಸಕ್ಕಾಗಿ ಅಂಗಲಾಚಿದ್ದನ್ನು ಅವರದೇ ದನಿಯಲ್ಲಿ ಊಟದ ಹೊತ್ತಿಗೆ ಗಿಳಿ ಒಪ್ಪಿಸಿದರೆ ಇಡೀ ಮನೆಗೆ ಕೇಳಿಸುತ್ತದೆ, ನಿಮ್ಮ ನಿಯಮವೂ ಮುರಿಯುವುದಿಲ್ಲ. ಬೆಕ್ಕಿಗೂ ಒಂದು ಸಲಹೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ತೀರಾ ಅಪರೂಪ, ಆ ಕೂಗು ಹೆಚ್ಚಾಗಿ ಮನುಷ್ಯರಿಗಾಗಿಯೇ. ಅಂದಮೇಲೆ ಬೆಕ್ಕು ಇಷ್ಟು ದಿನ ನಮ್ಮೊಡನೆ ಮಾತಾಡುತ್ತಲೇ ಇತ್ತು, ನಮಗೇ ತಿಳಿಯಲಿಲ್ಲ. ಈ ದೂರನ್ನು ಅದು ಹುಡುಗಿಯ ಮುಂದೆ ಇಡಲಿ.

ತಯಾರಿಕೆಯ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ. 142 ಪುಟ ಎಂದರೆ ಎರಡು ಗಂಟೆ ಇಪ್ಪತ್ತೆರಡು ನಿಮಿಷ, ಪುಟ್ಟ ಮಕ್ಕಳಿಗೆ ಅದು ಹೆಚ್ಚು. ನೂರರೊಳಗೆ ತನ್ನಿ. 11ನೇ ಪುಟದಲ್ಲಿ ನಾಯಿ ಕ್ಯಾಮೆರಾದ ಎದುರು ನಿಂತು ಎರಡು ನಿಮಿಷ ಬಿಡುವಿಲ್ಲದೆ ಮಾತಾಡುತ್ತದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 2880 ಫ್ರೇಮುಗಳ ತುಂಬ ಅದರ ತುಟಿ, ದವಡೆಗಳನ್ನು ಕಂಪ್ಯೂಟರಿನಲ್ಲಿ ಯಾರೋ ಕೂತು ಅಲುಗಾಡಿಸಬೇಕು. ಅದೇ ಮಾತನ್ನು ನಾಯಿ ಬೆನ್ನು ತಿರುಗಿಸಿ ಬಾಗಿಲು ಕೆರೆಯುತ್ತಾ ಹೇಳಲಿ, ಕ್ಯಾಮೆರಾ ಹುಡುಗಿಯ ಮುಖ ನೋಡಲಿ. ಖರ್ಚು ಉಳಿಯಿತು, ನಗು ಇನ್ನೂ ಹೆಚ್ಚಾಯಿತು, ಏಕೆಂದರೆ ನಗು ಬರುವುದು ಕೇಳಿಸಿಕೊಂಡವರ ಮುಖದಿಂದ. ಇನ್ನು ಕೊನೆಯಲ್ಲಿ ತಂದಿರುವ ಐದು ನಾಯಿಮರಿಗಳು. ಚಿತ್ರೀಕರಣ ತಿಂಗಳುಗಟ್ಟಲೆ ನಡೆಯುತ್ತದೆ, ಮರಿಗಳು ಅಲ್ಲಿಯತನಕ ಮರಿಗಳಾಗಿ ಉಳಿಯುವುದಿಲ್ಲ. 1995ರ ‘ಬೇಬ್’ ಚಿತ್ರದ ಒಂದೇ ಹಂದಿಮರಿಯ ಪಾತ್ರಕ್ಕೆ 48 ಮರಿಗಳು ಬೇಕಾದವು, ಅವು ಅಷ್ಟು ಬೇಗ ಬೆಳೆದುಬಿಡುತ್ತಿದ್ದವು. ಅಲ್ಲಿ ಆ ಮರಿಯೇ ಕಥಾನಾಯಕ, ಆ ಶ್ರಮಕ್ಕೆ ಅರ್ಥವಿತ್ತು. ನಿಮ್ಮ ಐದು ಮರಿಗಳು ಕಥೆಗೆ ಏನನ್ನೂ ಕೊಡುತ್ತಿಲ್ಲ.

ಅಮ್ಮನ ಪಾತ್ರ ಇನ್ನೂ ಹುಟ್ಟಿಯೇ ಇಲ್ಲ. ಅವರು ಬಾಗಿಲು ತೆರೆಯುತ್ತಾರೆ, ಕಿರುಚುತ್ತಾರೆ, ಅಷ್ಟೇ. ಅವರೂ ಏನನ್ನೋ ಬಚ್ಚಿಟ್ಟಿರಬೇಕಲ್ಲ, ನಾಯಿಯನ್ನು ಕೇಳಿ ನೋಡಿ.

88ನೇ ಪುಟ. ಮನೆ ಮಾರುವುದು ಖಚಿತವಾದ ರಾತ್ರಿ ಅಜ್ಜ ಲಾಯಕ್ಕೆ ಹೋಗಿ ಮುದಿ ಕುದುರೆಯ ಪಕ್ಕ ಕೂರುತ್ತಾರೆ. ಉಳಿದೆಲ್ಲ ಪ್ರಾಣಿಗಳೂ ಮಾತಾಡಿಯಾಗಿದೆ, ಕುದುರೆ ಮಾತ್ರ ಇಲ್ಲ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಈಗಲಾದರೂ ಅದು ಬಾಯಿ ಬಿಡುತ್ತದೆಂದು ಕಾಯುತ್ತಾಳೆ. ಕುದುರೆ ತಲೆ ತಗ್ಗಿಸಿ ಅಜ್ಜನ ಹೆಗಲ ಮೇಲೆ ಇಡುತ್ತದೆ. ಇದನ್ನು ಬರೆದವರಿಗೆ ಬರೆಯಲು ಬರುತ್ತದೆ. ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ 89ರಲ್ಲಿ ಕುದುರೆ ಮಾತು ಶುರುಮಾಡುತ್ತದೆ, ಮನೆ ಎಂದರೇನು, ಮುಪ್ಪು ಎಂದರೇನು, ಪ್ರೀತಿ ಎಂದರೇನು ಎಂದು 91ರ ತನಕ ವಿವರಿಸುತ್ತದೆ. ಆ ಮೂರು ಪುಟಗಳನ್ನು ನಾನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದೇನೆ, ಪ್ರತಿಯಲ್ಲಿ ನೋಡುತ್ತೀರಿ. ಕುದುರೆಗೆ ಇಡೀ ಸಿನಿಮಾದಲ್ಲಿ ಮಾತು ಬೇಡ. ಸಿಡಿಲು ಅದಕ್ಕೂ ಬಡಿಯಿತೋ ಇಲ್ಲವೋ, ಅದು ಮಾತಾಡಬಲ್ಲದೋ, ಬೇಡವೆಂದು ಸುಮ್ಮನಿದೆಯೋ, ಹುಡುಗಿಗೂ ಗೊತ್ತಾಗುವುದು ಬೇಡ, ನಮಗೂ ಬೇಡ.

ತಿದ್ದಿದ ಪೂರ್ತಿ ಕಥೆಗೆ ಕಾಯುವುದಿಲ್ಲ. ಮೊದಲ ಮೂವತ್ತು ಪುಟ ಹೊಸದಾಗಿ ಬರೆದು ಕಳಿಸಿ. ನಾಯಿ ಅಪ್ಪನ ಅಂಗಿ ಮೂಸುವ ದೃಶ್ಯ ಅಷ್ಟರೊಳಗೆ ಬಂದಿರಲಿ.

ಸಂಪಾದಕ