ಉದ್ದದ ಪ್ರತಿಯನ್ನೇ ನೋಡಿ

ನಮಸ್ಕಾರ. ಫ್ರೆಂಚ್ ನಿರ್ದೇಶಕ ಜಾನ್ ವಿಗೋ ಅವರ ‘ಲಾತಲಾಂತ್’ ಸಿನಿಮಾ ಒಂದು ಕಡೆ ಒಂದು ಗಂಟೆ ಚಿಲ್ಲರೆ, ಇನ್ನೊಂದು ಕಡೆ ಒಂದೂವರೆ ಗಂಟೆ ಇದೆ, ಯಾವುದು ಸರಿ ಅಂತ ಕೇಳಿದ್ದೀರಿ. ಉದ್ದದ್ದನ್ನೇ ನೋಡಿ.

1934ರಲ್ಲಿ ಬಿಡುಗಡೆಗೆ ಮುಂಚೆ ಸಿನಿಮಾ ಹಂಚುವ ಕಂಪನಿಯವರೇ ಅದಕ್ಕೆ ಕತ್ತರಿ ಹಾಕಿದರು. ಆಗ ಜನಪ್ರಿಯವಾಗಿದ್ದ ಒಂದು ಹಾಡನ್ನು ತುರುಕಿ, ಸಿನಿಮಾಕ್ಕೆ ಆ ಹಾಡಿನ ಹೆಸರನ್ನೇ ಇಟ್ಟರು. ವಿಗೋ ಆಗ ಕ್ಷಯದಿಂದ ಹಾಸಿಗೆ ಹಿಡಿದಿದ್ದರು. ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಬರೀ 29 ವರ್ಷಕ್ಕೆ. ನೆನೆದರೆ ಈಗಲೂ ಸಂಕಟವಾಗುತ್ತದೆ. 1990ರಲ್ಲಿ ಹಳೆಯ ಪ್ರತಿಗಳನ್ನು ಜೋಡಿಸಿ ಸಿನಿಮಾವನ್ನು ಮತ್ತೆ ಕಟ್ಟಿದರು. ಅದು ಸುಮಾರು 89 ನಿಮಿಷ.

ಕಥೆ ಚಿಕ್ಕದು. ಹಳ್ಳಿ ಹುಡುಗಿ ಜೂಲಿಯೆತ್, ಸರಕು ದೋಣಿಯ ಯಜಮಾನ ಜಾನ್‌ನನ್ನು ಮದುವೆಯಾಗಿ ದೋಣಿಯಲ್ಲೇ ಸಂಸಾರ ಹೂಡುತ್ತಾಳೆ. ಗಂಡನ ಮೇಲೆ ಪ್ರೀತಿ ಇದೆ. ಆದರೆ ಪ್ಯಾರಿಸ್ ನೋಡುವ ಆಸೆ ಬಿಡುವುದಿಲ್ಲ. ಬಣ್ಣದ ಮಾತಿನ ವ್ಯಾಪಾರಿಯೊಬ್ಬ ಆ ಆಸೆಗೆ ಗಾಳಿ ಹಾಕುತ್ತಾನೆ. ಅವಳನ್ನು ಕೆಟ್ಟವಳು ಅಂತ ಸಿನಿಮಾ ಎಲ್ಲೂ ತೋರಿಸುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಅದೇ. ಊರು ನೋಡಬೇಕು ಅನ್ನಿಸೋದು ತಪ್ಪಾ, ಅಲ್ವಾ?

ನೀರಿನೊಳಗೆ ಕಣ್ಣು ಬಿಟ್ಟರೆ ಪ್ರೀತಿಸಿದವರ ಮುಖ ಕಾಣುತ್ತದೆ ಅಂತ ಅವಳು ಒಮ್ಮೆ ಹೇಳುತ್ತಾಳೆ. ಆ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಜಾನ್ ನದಿಗೆ ಧುಮುಕುತ್ತಾನೆ. ಆ ದೃಶ್ಯ ನೋಡುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ದೋಣಿಯಲ್ಲಿ ಕೆಲಸ ಮಾಡುವ ಮುದುಕ ಜೂಲ್ ಪಾತ್ರದ ಮಿಶೆಲ್ ಸಿಮೋನ್ ಅಂತೂ ಮರೆಯೋದೇ ಇಲ್ಲ. ಮೊದಲ ಹತ್ತು ನಿಮಿಷ ನಿಧಾನ ಅನ್ನಿಸಿದರೂ ಬಿಡಬೇಡಿ.